ಫ್ಲೋರೈಡ್ ನೀರು: ಹಲ್ಲಿನಿಂದ ಬೆನ್ನುಮೂಳೆಯವರೆಗೆ

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದರೆ ಬರುವ ಕಾಯಿಲೆಯ ಹೆಸರು ಫ್ಲೋರೋಸಿಸ್. ಅದು ಮೊದಲು ಕಾಣುವುದು ಮಕ್ಕಳ ಹಲ್ಲಿನ ಮೇಲೆ. ಕಡೆಗೆ ಹೋಗಿ ಕೂರುವುದು ದೊಡ್ಡವರ ಬೆನ್ನುಮೂಳೆಯಲ್ಲಿ. ಇವೆರಡರ ನಡುವೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷ ಕಳೆದಿರುತ್ತದೆ. ಕಾಲರಾ ಬಂದಾಗ ಆಗುವಂತೆ ಊರಿಗೆ ಊರೇ ಒಂದು ವಾರದಲ್ಲಿ ಹಾಸಿಗೆ ಹಿಡಿಯುವುದಿಲ್ಲ. ನೀರು ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ, ಬಾಯಿಗೆ ಹಾಕಿ ನೋಡಿದರೂ ಫ್ಲೋರೈಡ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹೀಗಾಗಿ ನೀರಿನ ಮೇಲೆ ಯಾರಿಗೂ ಅನುಮಾನ ಬಾರದೆ ಒಂದು ತಲೆಮಾರು ದಾಟಿಹೋಗುತ್ತದೆ.

ಮಿತಿ ಎಂದರೆ ಎಷ್ಟು? ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆಂದು ರೂಪಿಸಿರುವ ಐಎಸ್ 10500 ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅಡ್ಡಿಯಿಲ್ಲ. ಬೇರೆ ನೀರು ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೂ ಅದೇ 1.5 ಇದೆ. ಆದರೆ ಜನ ಎಷ್ಟು ನೀರು ಕುಡಿಯುತ್ತಾರೆ, ಆಹಾರದಿಂದ ಎಷ್ಟು ಫ್ಲೋರೈಡ್ ಒಳಗೆ ಹೋಗುತ್ತದೆ ಎಂಬುದನ್ನು ನೋಡಿಕೊಂಡು ಆಯಾ ದೇಶ ತನ್ನ ಮಿತಿಯನ್ನು ಗೊತ್ತುಮಾಡಬೇಕು ಎಂದೂ ಸಂಸ್ಥೆ ಹೇಳಿದೆ. ಈ ಮಾತನ್ನು ಹಗುರವಾಗಿ ನೋಡುವಂತಿಲ್ಲ. ತಂಪು ದೇಶದ ಕಚೇರಿಯಲ್ಲಿ ಕೂತವರು ದಿನಕ್ಕೆ ಒಂದೂವರೆ ಲೀಟರ್ ಕುಡಿದಾರು. ಏಪ್ರಿಲ್ ಬಿಸಿಲಲ್ಲಿ ಪಾವಗಡದ ಹೊಲದಲ್ಲಿ ಕೂಲಿ ಮಾಡುವವರಿಗೆ ಐದು ಲೀಟರ್ ಕುಡಿದರೂ ಬಾಯಾರಿಕೆ ಹೋಗುವುದಿಲ್ಲ. ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಎಂದುಕೊಂಡರೆ ಮೊದಲಿನವರ ಹೊಟ್ಟೆಗೆ ದಿನಕ್ಕೆ ನಾಲ್ಕೂವರೆ ಮಿಲಿಗ್ರಾಂ ಹೋಗುತ್ತದೆ, ಎರಡನೆಯವರ ಹೊಟ್ಟೆಗೆ ಹದಿನೈದು. ಮುದ್ದೆ, ಅನ್ನ, ಸಾರಿಗೆ ಹಾಕಿದ ನೀರು ಈ ಲೆಕ್ಕಕ್ಕೆ ಸೇರಿಲ್ಲ.

ಫ್ಲೋರೈಡ್ ನೀರಿಗೆ ಸೇರುವುದು ಬಹುಪಾಲು ಬಂಡೆಯಿಂದ. ಕರ್ನಾಟಕದ ಬಯಲುಸೀಮೆಯ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು. ರಾಮನಗರದ ಆಚೀಚೆಯಿಂದ ಹೊರಟು ತುಮಕೂರು, ಚಿತ್ರದುರ್ಗ ಸೀಮೆ ದಾಟಿ ಬಳ್ಳಾರಿಯ ಕಡೆಗೆ ಉತ್ತರಕ್ಕೆ ಚಾಚಿಕೊಂಡ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಇಂಥ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಹಾರ್ನ್‌ಬ್ಲೆಂಡ್, ಕಾಗೆಬಂಗಾರದ ಕಪ್ಪು ಜಾತಿಯಾದ ಬಯೋಟೈಟ್ ಮುಂತಾದ ಖನಿಜಗಳಿರುತ್ತವೆ, ಅವುಗಳಲ್ಲಿ ಫ್ಲೋರಿನ್ ಇರುತ್ತದೆ. ಮಳೆನೀರು ಬಂಡೆಯ ಬಿರುಕಿನಲ್ಲಿ ಇಳಿದು ವರ್ಷಗಟ್ಟಲೆ ನಿಂತಲ್ಲಿ ಖನಿಜದಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನೀರು ನಿಂತ ಕಾಲ ಹೆಚ್ಚಿದಷ್ಟೂ, ಅದು ಕ್ಷಾರೀಯವಾದಷ್ಟೂ ಕರಗುವುದು ಜಾಸ್ತಿ. ಮಳೆ ಕಡಿಮೆ ಬಿದ್ದು, ಬಿಸಿಲಿಗೆ ತೇವ ಬೇಗ ಆರುವ ನೆಲದಲ್ಲಿ ಲವಣಗಳು ತೊಳೆದುಹೋಗದೆ ಅಲ್ಲೇ ಉಳಿಯುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ ಜಿಲ್ಲೆಗಳ ಹೆಸರು ಫ್ಲೋರೈಡ್ ಮಾತು ಬಂದಾಗಲೆಲ್ಲ ಕೇಳಿಬರುವುದು ಇದಕ್ಕೇ.

ಇಲ್ಲಿ ಕ್ಯಾಲ್ಸಿಯಂ ವಿಚಾರ ಬಿಡಿಸಿ ಹೇಳಬೇಕಾದದ್ದು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡ್ ಜೊತೆ ಕೂಡಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗೆ ಕೂರುತ್ತದೆ, ನೀರಿನಲ್ಲಿ ಫ್ಲೋರೈಡ್ ಒಂದು ಹಂತ ಮೀರುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿರುವ ಮೆದು ನೀರಿನಲ್ಲಿ ಈ ತಡೆ ಇಲ್ಲ. ಹಳ್ಳಿಯಲ್ಲಿ ಒಳ್ಳೆಯ ನೀರನ್ನು ಅಳೆಯುವ ಬಗೆ ಎಲ್ಲರಿಗೂ ಗೊತ್ತು: ಬೇಳೆ ಬೇಗ ಬೇಯಬೇಕು, ಸೋಪು ನೊರೆ ಬರಬೇಕು, ಪಾತ್ರೆಗೆ ಬಿಳಿ ಪೊರೆ ಕಟ್ಟಬಾರದು. ಇವೆಲ್ಲ ಮೆದು ನೀರಿನ ಲಕ್ಷಣ. ಫ್ಲೋರೈಡ್ ಸಲೀಸಾಗಿ ಕರಗಿ ನಿಲ್ಲುವುದೂ ಇಂಥ ನೀರಿನಲ್ಲೇ. ಬೇಳೆ ಬೇಯದ ಗಡಸು ನೀರೆಂದು ಒಂದು ಕೊಳವೆಬಾವಿಯನ್ನು ಬಿಟ್ಟು, ಮೆದು ನೀರಿನ ಇನ್ನೊಂದಕ್ಕೆ ಊರೆಲ್ಲ ಕೊಡ ಹೊತ್ತುಕೊಂಡು ಹೋಗುವಾಗ ಫ್ಲೋರೈಡ್ ಹೆಚ್ಚಿರುವ ಕಡೆಗೇ ನಡೆದಿರುವ ಸಾಧ್ಯತೆ ಉಂಟು.

ಕೆರೆ, ಕಲ್ಯಾಣಿ, ತೆರೆದ ಬಾವಿಗಳ ನೀರು ಬಹುಮಟ್ಟಿಗೆ ಅದೇ ವರ್ಷದ, ಹೆಚ್ಚೆಂದರೆ ಹಿಂದಿನ ವರ್ಷದ ಮಳೆನೀರು. ಕೊಳವೆಬಾವಿ ಬಂದ ಮೇಲೆ ಜನ ಕುಡಿಯತೊಡಗಿದ್ದು ಬಂಡೆಯೊಳಗಿನ ಹಳೆಯ ನೀರನ್ನು. ಕೋಲಾರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ಈಗ ಅಚ್ಚರಿಯ ಸಂಗತಿಯಲ್ಲ. ಅಂತರ್ಜಲ ಕುಸಿದಂತೆಲ್ಲ ಪೈಪು ಕೆಳಗಿಳಿಯುತ್ತದೆ, ಬಂಡೆಯ ಸಹವಾಸದಲ್ಲಿ ಹೆಚ್ಚು ಕಾಲ ಕಳೆದ ನೀರು ಮೇಲೆ ಬರುತ್ತದೆ. ಹಾಗೆಂದು ಆಳವೊಂದನ್ನೇ ದೂರುವುದೂ ತಪ್ಪು. ಕೊಳವೆಬಾವಿ ಕೊರೆಯುವ ಯಂತ್ರಗಳು ಹಳ್ಳಿಗೆ ಬರುವ ಮುಂಚೆಯೂ ಕೆಲವು ಸೀಮೆಗಳ ತೆರೆದ ಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿತ್ತು. ಭಾರತದಲ್ಲಿ ಈ ಕಾಯಿಲೆ ಬೆಳಕಿಗೆ ಬಂದದ್ದೇ ಅಂಥ ಜಾಗದಿಂದ.

ಅದು ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆ. 1930ರ ದಶಕದಲ್ಲಿ ಅಲ್ಲಿನ ರೈತರು ಮೊದಲು ಗಮನಿಸಿದ್ದು ಎತ್ತುಗಳನ್ನು; ಉಳುವ ಎತ್ತುಗಳು ಕಾಲೆಳೆಯುತ್ತಿದ್ದವು, ನಡೆಯಲಾರದೆ ನಿಲ್ಲುತ್ತಿದ್ದವು. ಮನುಷ್ಯರಲ್ಲೂ ಬೆನ್ನು ಸೆಟೆದು, ಕಾಲಿನ ಬಲ ಹೋಗುತ್ತಿರುವುದನ್ನು ಶಾರ್ಟ್ ಮತ್ತು ಅವರ ಜೊತೆಗಾರ ವೈದ್ಯರು 1937ರಲ್ಲಿ ವರದಿ ಮಾಡಿ, ಕಾರಣ ನೀರಿನ ಫ್ಲೋರೈಡ್ ಎಂದರು. ಅದೇ ವರ್ಷ ಡೆನ್ಮಾರ್ಕಿನ ಕಾಯ್ ರೋಹೋಲ್ಮ್, ಕ್ರಯೋಲೈಟ್ ಎಂಬ ಫ್ಲೋರೈಡ್ ಖನಿಜದ ದೂಳು ಸೇವಿಸುತ್ತಿದ್ದ ಕಾರ್ಖಾನೆ ಕೆಲಸಗಾರರ ಮೂಳೆಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು. ಹಲ್ಲಿನ ಕಥೆ ಇದಕ್ಕಿಂತ ಹಳೆಯದು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಹೋದ ಯುವ ದಂತವೈದ್ಯ ಫ್ರೆಡರಿಕ್ ಮ್ಯಾಕೇ, ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಕರೆ ಕಂಡು ಬೆರಗಾದರು. ಅದರ ಹಿಂದೆ ಬಿದ್ದು ಮೂವತ್ತು ವರ್ಷ ಕಳೆದರು. 1931ರಲ್ಲಿ ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್, ಆರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 13 ಮಿಲಿಗ್ರಾಂಗಿಂತಲೂ ಹೆಚ್ಚಿರುವುದನ್ನು ಪತ್ತೆಹಚ್ಚಿದಾಗ ಒಗಟು ಬಿಡಿಸಿದಂತಾಯಿತು.

ಮ್ಯಾಕೇ ಇನ್ನೊಂದನ್ನೂ ಗಮನಿಸಿದ್ದರು. ಕರೆ ಹಿಡಿದ ಆ ಹಲ್ಲುಗಳಿಗೆ ಹುಳುಕು ಹತ್ತುವುದು ಕಡಿಮೆ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲಿಗೆ ಒಳ್ಳೆಯದೆಂಬ ತಿಳಿವಳಿಕೆ ಬೆಳೆದದ್ದು ಇಲ್ಲಿಂದ. 1945ರಲ್ಲಿ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಫ್ಲೋರೈಡ್ ಕಡಿಮೆಯಿದ್ದ ತನ್ನ ನೀರಿಗೆ ಅದನ್ನು ಅಳೆದು ಬೆರೆಸತೊಡಗಿತು. ಟೂತ್‌ಪೇಸ್ಟಿನ ಜಾಹೀರಾತಿನಲ್ಲಿ ಫ್ಲೋರೈಡಿನ ಗುಣಗಾನ, ಊರಿನ ನೀರಿನ ಟ್ಯಾಂಕಿನ ಮೇಲೆ ಫ್ಲೋರೈಡ್ ಇದೆ ಎಂಬ ಎಚ್ಚರಿಕೆ: ಇವೆರಡನ್ನೂ ನೋಡಿ ಜನ ಗೊಂದಲಕ್ಕೆ ಬೀಳುವುದು ಸಹಜ. ಎರಡೂ ನಿಜವೇ. ಪೇಸ್ಟು ಹಲ್ಲಿನ ಹೊರಮೈಗೆ ತಾಗಿ ಉಗುಳಿ ಹೋಗುವಂಥದ್ದು. ನೀರು ರಕ್ತಕ್ಕೆ ಸೇರಿ ಮೂಳೆ ಮುಟ್ಟುವಂಥದ್ದು. ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಪೇಸ್ಟು ನುಂಗುವ ಪುಟ್ಟ ಮಕ್ಕಳ ಬ್ರಷ್ಷಿಗೆ ಅದನ್ನು ಬಟಾಣಿ ಕಾಳಿಗಿಂತ ಹೆಚ್ಚು ಹಾಕಬಾರದು ಎಂಬುದು ಮಾತ್ರ ನೆನಪಿರಬೇಕು.

ನೀರಿನ ಜೊತೆ ಹೊಟ್ಟೆ ಸೇರಿದ ಫ್ಲೋರೈಡ್ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಖಾಲಿ ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಹೀರಿಕೆಯಾಗುತ್ತದೆ. ಹಾಲು ಅಥವಾ ಕ್ಯಾಲ್ಸಿಯಂ ಇರುವ ಊಟದ ಜೊತೆಗಾದರೆ ಸ್ವಲ್ಪ ಕಡಿಮೆ. ಆರೋಗ್ಯವಂತ ವಯಸ್ಕರಲ್ಲಿ ಹೀರಿಕೆಯಾದದ್ದರ ಸುಮಾರು ಅರ್ಧ ಮೂತ್ರದಲ್ಲಿ ಹೊರಹೋಗುತ್ತದೆ, ಉಳಿದರ್ಧ ಮೂಳೆಯಲ್ಲಿ ನಿಲ್ಲುತ್ತದೆ. ಬೆಳೆಯುವ ಮಕ್ಕಳ ಮೂಳೆ ಇನ್ನೂ ಹೆಚ್ಚಿನ ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಿಡ್ನಿ ಸೋತವರಲ್ಲಿ ಹೊರಹೋಗುವ ದಾರಿಯೇ ಇಕ್ಕಟ್ಟಾಗುವುದರಿಂದ ಅವರಿಗೆ ಅಪಾಯ ದೊಡ್ಡದು. ದೇಹದಲ್ಲಿರುವ ಫ್ಲೋರೈಡಿನ ಶೇಕಡ 99ರಷ್ಟು ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ಕ್ಯಾಲ್ಸಿಯಂ ಕಂಡಲ್ಲಿ ಅಂಟಿಕೊಳ್ಳುವ ಅದೇ ಗುಣ ಬಂಡೆಯೊಳಗೂ ಕೆಲಸ ಮಾಡುತ್ತದೆ, ಮೈಯೊಳಗೂ ಮಾಡುತ್ತದೆ.

ಹಲ್ಲಿನ ಫ್ಲೋರೋಸಿಸ್ ಆಗುವುದು ಹಲ್ಲು ಹುಟ್ಟುವ ಮೊದಲು. ಶಾಶ್ವತ ಹಲ್ಲುಗಳ ಎನಾಮಲ್ ಒಸಡಿನ ಒಳಗೆ ತಯಾರಾಗುವುದು ಮಗು ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ. ಎದುರಿಗೆ ಕಾಣುವ ಬಾಚಿಹಲ್ಲುಗಳ ಮಟ್ಟಿಗೆ ಮೊದಲ ಎರಡು ಮೂರು ವರ್ಷ ತುಂಬ ಸೂಕ್ಷ್ಮ. ಎನಾಮಲ್ ಗಟ್ಟಿಯಾಗಬೇಕಾದರೆ ಅದರೊಳಗಿನ ಪ್ರೋಟೀನು ಜಾಗ ಬಿಟ್ಟು ಖನಿಜಕ್ಕೆ ಎಡೆ ಕೊಡಬೇಕು. ಹೆಚ್ಚಿನ ಫ್ಲೋರೈಡ್ ಈ ಕೆಲಸವನ್ನು ನಿಧಾನ ಮಾಡುತ್ತದೆ, ಎನಾಮಲ್ ಒಳಗೆ ಸಣ್ಣ ಸಣ್ಣ ಪೊಳ್ಳುಗಳು ಉಳಿಯುತ್ತವೆ. ಆರೇಳು ವರ್ಷಕ್ಕೆ ಹಲ್ಲು ಹೊರಬಂದಾಗ ಮೊದಲು ಕಾಣುವುದು ಸೀಮೆಸುಣ್ಣ ಸವರಿದಂಥ ಮಂಕು ಬಿಳುಪು. ಆಮೇಲೆ ಹಲ್ಲಿನ ಅಡ್ಡಕ್ಕೆ ಗೆರೆಗೆರೆಯಾಗಿ ಹಳದಿ, ಕಂದು ಬಣ್ಣ ಹತ್ತುತ್ತದೆ. ಎಡಗಡೆಯ ಹಲ್ಲಿಗೆ ಬಂದದ್ದು ಬಲಗಡೆಯ ಜೋಡಿ ಹಲ್ಲಿಗೂ ಬರುತ್ತದೆ. ತೀವ್ರವಾದರೆ ಹಲ್ಲಿನ ಮೈ ಗುಳಿಬಿದ್ದು ಚಕ್ಕೆ ಏಳುತ್ತದೆ. ಎಲೆಅಡಿಕೆಯ ಕರೆ ಒಸಡಿನ ಅಂಚಿನಲ್ಲಿ, ಸಂದಿಗಳಲ್ಲಿ ಕೂರುತ್ತದೆ, ಉಜ್ಜಿದರೆ ಬಿಡುತ್ತದೆ. ಫ್ಲೋರೈಡಿನ ಕರೆ ಹಲ್ಲಿನ ಒಡಲಲ್ಲೇ ಇರುವುದರಿಂದ ಇದ್ದಿಲು, ಉಪ್ಪು, ಬೇವಿನ ಕಡ್ಡಿ ಯಾವುದರಿಂದ ತಿಕ್ಕಿದರೂ ಹೋಗದು. ಹಲ್ಲು ಉಜ್ಜದ ಸೋಮಾರಿ ಎಂದು ಶಾಲೆಯಲ್ಲಿ ಬೈಸಿಕೊಂಡ ಮಕ್ಕಳಿಗೆ ಲೆಕ್ಕವಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ ಹೆಣ್ಣುಮಕ್ಕಳು, ವಧೂಪರೀಕ್ಷೆಯಲ್ಲಿ ತುಟಿ ಬಿಚ್ಚದವರು ಈ ಸೀಮೆಯ ಹಳ್ಳಿಗಳಲ್ಲಿ ಇದ್ದಾರೆ. ಮಾಡದ ತಪ್ಪಿನ ನಾಚಿಕೆ ಅದು. ಇಪ್ಪತ್ತು ವರ್ಷ ತುಂಬಿದ ಮೇಲೆ ಅದೇ ಊರಿಗೆ ಸೊಸೆಯಾಗಿ ಬಂದವರ ಹಲ್ಲಿಗೆ ಏನೂ ಆಗುವುದಿಲ್ಲ. ಅವರ ಮೂಳೆಗೆ ಮಾತ್ರ ಆ ವಿನಾಯಿತಿ ಇಲ್ಲ.

ಮೂಳೆಯ ಫ್ಲೋರೋಸಿಸ್ ಶುರುವಾಗುವುದು ಹೆಸರಿಲ್ಲದ ನೋವಿನಿಂದ. ಬೆಳಗ್ಗೆ ಎದ್ದಾಗ ಸೊಂಟ ಬಿಗಿ, ಕತ್ತು ತಿರುಗದು, ಮಂಡಿ ನೋವು, ಕೈಕಾಲಲ್ಲಿ ಜೋಮು. ಫ್ಲೋರೈಡ್ ಮೂಳೆಯ ಹರಳಿನೊಳಗೆ ಹೈಡ್ರಾಕ್ಸಿಲ್ ಇರಬೇಕಾದ ಜಾಗದಲ್ಲಿ ಕೂತುಕೊಳ್ಳುತ್ತದೆ, ಮೂಳೆ ಕಟ್ಟುವ ಜೀವಕೋಶಗಳನ್ನು ಕೆರಳಿಸುತ್ತದೆ. ಮೂಳೆ ದಪ್ಪವಾಗುತ್ತದೆ, ಎಕ್ಸ್‌ರೇಯಲ್ಲಿ ಸುಣ್ಣದಂತೆ ಬೆಳ್ಳಗೆ ಕಾಣುತ್ತದೆ, ಆದರೆ ಗಟ್ಟಿತನ ಬಾರದೆ ಪೆಡಸಾಗುತ್ತದೆ. ಮೂಳೆ ಮೂಳೆಗಳನ್ನು ಬಿಗಿದ ಅಸ್ಥಿರಜ್ಜುಗಳಲ್ಲೂ ಸುಣ್ಣ ಕಟ್ಟುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ತೆಳು ಪೊರೆ ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಮುಳ್ಳಿನಂತೆ ಕಂಡರೆ ವೈದ್ಯರಿಗೆ ಬೇರೆ ಪುರಾವೆ ಹೆಚ್ಚು ಬೇಕಾಗುವುದಿಲ್ಲ. ಬೆನ್ನುಮೂಳೆಯ ಬಿಲ್ಲೆಗಳು ಒಂದಕ್ಕೊಂದು ಬೆಸೆದುಕೊಂಡಂತಾಗಿ ಬೆನ್ನು ಬಾಗಿದ್ದು ಬಾಗಿಯೇ ಉಳಿಯುತ್ತದೆ. ಕುತ್ತಿಗೆಯ ಭಾಗದಲ್ಲಿ ಮೂಳೆ ಒಳಮುಖವಾಗಿ ಬೆಳೆದು ಮಿದುಳುಬಳ್ಳಿಯನ್ನು ಅಮುಕಿದರೆ ಕೈಕಾಲುಗಳ ಸ್ವಾಧೀನ ತಪ್ಪುತ್ತದೆ. ನೆಲ್ಲೂರಿನ ವೈದ್ಯರು 1937ರಲ್ಲಿ ಕಂಡದ್ದು ಈ ಹಂತದವರನ್ನು. ನೀರಿನಲ್ಲಿ ಲೀಟರಿಗೆ 3ರಿಂದ 6 ಮಿಲಿಗ್ರಾಂ ಇದ್ದರೆ ಮೂಳೆಯ ತೊಂದರೆ, 10 ದಾಟಿದರೆ ಅಂಗವೈಕಲ್ಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಸ್ಥೂಲ ಲೆಕ್ಕ. ಬಿಸಿಲು, ದುಡಿಮೆ, ಪೌಷ್ಟಿಕತೆಯ ಕೊರತೆ ಮೂರೂ ಕೂಡಿದ ಊರುಗಳಲ್ಲಿ ಇದಕ್ಕಿಂತ ಕಡಿಮೆ ಪ್ರಮಾಣವೂ ಮೂಳೆ ಹಿಡಿದದ್ದುಂಟು.

ಆಹಾರದ ಪಾತ್ರ ತೋರಿಸಿಕೊಟ್ಟದ್ದು ಈಗಿನ ತೆಲಂಗಾಣದ ನಲಗೊಂಡ ಜಿಲ್ಲೆ. ಅಲ್ಲಿನ ಹದಿಹರೆಯದವರಲ್ಲಿ ಮಂಡಿಗಳು ಒಂದಕ್ಕೊಂದು ಬಡಿಯುವಂತೆ ಕಾಲು ಒಳಬಾಗುವ ವಿಕಾರವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ವರದಿ ಮಾಡಿದರು. ಜೋಳವೇ ಮುಖ್ಯ ಆಹಾರವಾದವರಲ್ಲಿ ಇದು ಹೆಚ್ಚಾಗಿ ಕಂಡಿತು. ಅಲ್ಲಿನ ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿದ್ದು, ಅದರಿಂದ ದೇಹದ ತಾಮ್ರ ಹೊರಹೋಗಿ ಮೂಳೆ ಸೊರಗುತ್ತದೆ ಎಂಬ ವಿವರಣೆಯನ್ನು ಆ ಸಂಸ್ಥೆಯವರು ಕೊಟ್ಟರು. ಜೋಳದ ರೊಟ್ಟಿ ಬಿಡಬೇಕು ಎಂದು ಇದರ ಅರ್ಥವಲ್ಲ. ಒಂದೇ ಧಾನ್ಯವನ್ನು ನೆಚ್ಚಿ, ಹಾಲು ಸೊಪ್ಪು ತರಕಾರಿ ಇಲ್ಲದ ಊಟದ ಜೊತೆ ಫ್ಲೋರೈಡ್ ನೀರು ಸೇರಿದಾಗ ಮಕ್ಕಳ ಮೂಳೆ ತಾಳಲಾರದು ಎಂಬುದಷ್ಟೇ ಇದರಿಂದ ತಿಳಿಯುವುದು.

ಮೂಳೆ, ಹಲ್ಲಿನ ಆಚೆಗೂ ಪರಿಣಾಮಗಳಿವೆ. ಊಟಕ್ಕೆ ಮುಂಚೆ ಓಕರಿಕೆ, ಹೊಟ್ಟೆನೋವು, ಒಮ್ಮೆ ಮಲಬದ್ಧತೆ ಒಮ್ಮೆ ಭೇದಿ, ಬೇಗ ದಣಿವು ಇವು ಆರಂಭದಲ್ಲೇ ಬರಬಹುದು. ದೆಹಲಿಯಲ್ಲಿ ದಶಕಗಳ ಕಾಲ ಫ್ಲೋರೋಸಿಸ್ ಅಧ್ಯಯನ ಮಾಡಿದ ಎ.ಕೆ. ಸುಶೀಲಾ, ಕರುಳಿನ ಒಳಪದರ ಹಾಳಾಗಿ ಪೌಷ್ಟಿಕಾಂಶ ಸರಿಯಾಗಿ ಹೀರಿಕೆಯಾಗದಿರುವುದನ್ನೂ, ಗರ್ಭಿಣಿಯರಲ್ಲಿ ಕಬ್ಬಿಣಾಂಶದ ಮಾತ್ರೆ ಕೊಟ್ಟರೂ ರಕ್ತಹೀನತೆ ಇಳಿಯದಿರುವುದನ್ನೂ ಫ್ಲೋರೈಡಿನ ಜೊತೆ ಜೋಡಿಸಿ ತೋರಿಸಿದರು. ಮಕ್ಕಳ ಬುದ್ಧಿಮತ್ತೆಯ ಪ್ರಶ್ನೆ ಈಚೆಗೆ ಮುಂದೆ ಬಂದಿದೆ. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2024ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒರೆಗೆ ಹಚ್ಚಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯುವ ಕಡೆ ಮಕ್ಕಳ ಐಕ್ಯೂ ಕಡಿಮೆ ಇರುವುದಕ್ಕೆ ಮಧ್ಯಮ ಮಟ್ಟದ ಖಾತ್ರಿಯಿದೆ ಎಂದು ಹೇಳಿತು. ಅದಕ್ಕಿಂತ ಕಡಿಮೆ ಪ್ರಮಾಣದ ಬಗ್ಗೆ ತೀರ್ಮಾನ ಕೊಡಲಿಲ್ಲ. ಹಲ್ಲಿನಷ್ಟು, ಮೂಳೆಯಷ್ಟು ಗಟ್ಟಿಯಾದ ಪುರಾವೆ ಇದಲ್ಲ. ಆದರೆ ಬಯಲುಸೀಮೆಯ ಅಂಗನವಾಡಿಗಳ ನೀರಿನ ಬಗ್ಗೆ ಚಿಂತಿಸಲು ಇಷ್ಟು ಸಾಕು.

ಕಾಯಿಲೆ ಪತ್ತೆ ಮಾಡಲು ಹಳ್ಳಿಯಲ್ಲೇ ಮಾಡಬಹುದಾದ ಮೂರು ಸರಳ ಪರೀಕ್ಷೆಗಳಿವೆ. ನೆಲದ ಮೇಲೆ ಬಿದ್ದ ನಾಣ್ಯವನ್ನು ಮಂಡಿ ಬಗ್ಗಿಸದೆ ಎತ್ತಿಕೊಳ್ಳುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ತೋಳು ಚಾಚಿ ಮಡಚಿ ಬೆರಳನ್ನು ತಲೆಯ ಹಿಂಭಾಗಕ್ಕೆ ಮುಟ್ಟಿಸುವುದು. ಸೊಂಟ, ಕುತ್ತಿಗೆ, ಭುಜ ಬಿಗಿದವರಿಗೆ ಇವು ಆಗುವುದಿಲ್ಲ. ಆಗದವರೆಲ್ಲರಿಗೂ ಫ್ಲೋರೋಸಿಸ್ ಎಂದಲ್ಲ. ಅವರ ನೀರು, ಮೂತ್ರ, ಎಕ್ಸ್‌ರೇ ನೋಡಬೇಕೆಂದು ಅರ್ಥ. ಕೇಂದ್ರ ಸರ್ಕಾರ 2008–09ರಲ್ಲಿ ಶುರುಮಾಡಿದ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆಯ್ದ ಜಿಲ್ಲೆಗಳಲ್ಲಿ ಇಂಥ ತಪಾಸಣೆಗೆ ವ್ಯವಸ್ಥೆ ಮಾಡಿತು. ಆದರೂ ಎಷ್ಟೋ ಮಂದಿಯ ಕಾಯಿಲೆ ಸಂಧಿವಾತ, ಸ್ಪಾಂಡಿಲೈಟಿಸ್ ಎಂಬ ಹೆಸರಿನಲ್ಲೇ ಉಳಿಯುತ್ತದೆ. ನೋವಿಗೆ ಮಾತ್ರೆ, ಅದಕ್ಕೆ ಬಗ್ಗದಿದ್ದರೆ ಇಂಜೆಕ್ಷನ್. ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಫ್ಲೋರೈಡನ್ನು ಹೊರಹಾಕಬೇಕಾದ್ದು ಅದೇ ಕಿಡ್ನಿ. ಹೀಗೆ ನೀರನ್ನು ಬಿಟ್ಟು ನೋವಿಗೆ ಮಾತ್ರ ಮದ್ದು ಕೊಡುವುದು ಕಾಯಿಲೆಗೆ ನೀರೆರೆದಂತೆ.

ನೀರಿನ ಪರೀಕ್ಷೆ ಕಷ್ಟದ್ದಲ್ಲ. ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಕಿಟ್ಟಿನಲ್ಲಿ ಜಿರ್ಕೋನಿಯಂ ಬೆರೆಸಿದ ಬಣ್ಣದ ದ್ರಾವಣ ಇರುತ್ತದೆ. ನೀರಿಗೆ ಹಾಕಿದಾಗ ಫ್ಲೋರೈಡ್ ಕಡಿಮೆಯಿದ್ದರೆ ಕೆಂಪು ಬಣ್ಣ ಉಳಿಯುತ್ತದೆ, ಹೆಚ್ಚಿದ್ದಷ್ಟೂ ಹಳದಿಗೆ ತಿರುಗುತ್ತದೆ. 2019ರ ಜಲಜೀವನ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಈ ಪರೀಕ್ಷೆ ಕಲಿಸಬೇಕೆಂದು ಗೊತ್ತುಮಾಡಿದೆ. ನಿಖರ ಅಂಕಿ ಬೇಕಾದರೆ ಜಿಲ್ಲಾ ಪ್ರಯೋಗಾಲಯ. ಒಂದೇ ಊರಿನ ಎರಡು ಕೊಳವೆಬಾವಿಗಳ ಪ್ರಮಾಣ ಬೇರೆ ಬೇರೆಯಿರುತ್ತದೆ, ಮಳೆಗಾಲದ ಮುಂಚೆ ಮತ್ತು ಆಮೇಲೆ ಒಂದೇ ಬಾವಿಯ ಪ್ರಮಾಣವೂ ಬದಲಾಗುತ್ತದೆ. ಹಾಗಾಗಿ ಊರಿಗೊಂದು ಪರೀಕ್ಷೆ, ವರ್ಷಕ್ಕೊಂದು ಪರೀಕ್ಷೆ ಸಾಲದು.

ಫ್ಲೋರೈಡ್ ತೆಗೆಯುವ ವಿಚಾರದಲ್ಲಿ ಮನೆಮನೆಯಲ್ಲೂ ಇರುವ ತಪ್ಪು ತಿಳಿವಳಿಕೆ ಎಂದರೆ ಕುದಿಸಿದರೆ ಹೋಗುತ್ತದೆ ಎಂಬುದು. ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಆವಿಯಾಗದೆ ಅಲ್ಲೇ ಉಳಿದು ನೀರು ಮಾತ್ರ ಕಡಿಮೆಯಾಗುವುದರಿಂದ ಸಾಂದ್ರತೆ ಇನ್ನಷ್ಟು ಏರುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್ ಇವುಗಳಿಂದಲೂ ಪ್ರಯೋಜನವಿಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನದಲ್ಲಿ ನೀರಿಗೆ ಸುಣ್ಣ, ಪಟಿಕ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ ಬಿಟ್ಟರೆ ಅಲ್ಯೂಮಿನಿಯಂ ಗಸಿಯ ಜೊತೆ ಫ್ಲೋರೈಡ್ ಕೆಳಗೆ ಕೂರುತ್ತದೆ. ಖರ್ಚು ಕಡಿಮೆ, ವಸ್ತುಗಳು ಎಲ್ಲೆಡೆ ಸಿಗುತ್ತವೆ. ಆದರೆ ಪಟಿಕದ ಅಳತೆ ನೀರಿನಿಂದ ನೀರಿಗೆ ಬದಲಾಗುತ್ತದೆ, ಗಸಿ ವಿಲೇವಾರಿಯ ತಾಪತ್ರಯವಿದೆ, ದಿನವೂ ಮಾಡುವವರು ಬೇಕು. ಸಕ್ರಿಯ ಅಲ್ಯೂಮಿನಾ ತುಂಬಿದ ಫಿಲ್ಟರ್ ಇದಕ್ಕಿಂತ ಸಲೀಸು. ಕೆಲವು ತಿಂಗಳಿಗೊಮ್ಮೆ ಅದನ್ನು ಕಾಸ್ಟಿಕ್ ಸೋಡಾ ಮತ್ತು ಆಮ್ಲದಿಂದ ತೊಳೆದು ಮತ್ತೆ ಹದಗೊಳಿಸಬೇಕು. ಅದು ನಿಂತ ದಿನದಿಂದ ಫಿಲ್ಟರ್ ಇದ್ದೂ ಇಲ್ಲದಂತೆ.

ಕರ್ನಾಟಕದ ಹಳ್ಳಿಗಳಲ್ಲಿ ಈಗ ಎದ್ದು ಕಾಣುವುದು ಆರ್‌ಓ ಯಂತ್ರ ಕೂರಿಸಿದ ಶುದ್ಧ ಕುಡಿಯುವ ನೀರಿನ ಘಟಕ. ಬೆಳಗ್ಗೆ ಏಳಕ್ಕೆ ಘಟಕದ ಮುಂದೆ ಕ್ಯಾನುಗಳ ಸಾಲು, ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು, ಬೈಕಿನ ಹಿಂದೆ ಮುಂದೆ ಕ್ಯಾನು ಕಟ್ಟಿಕೊಂಡು ಮನೆಗೆ. ಯಂತ್ರ ಸರಿಯಿದ್ದಾಗ ಫ್ಲೋರೈಡ್ ಬಹುಪಾಲು ಹೋಗುತ್ತದೆ, ಅನುಮಾನವಿಲ್ಲ. ಮನೆಯೊಳಗೆ ಏನಾಗುತ್ತದೆ ಎಂಬುದು ಬೇರೆ ಮಾತು. ಕ್ಯಾನಿನ ನೀರು ಲೋಟಕ್ಕೆ. ಅಕ್ಕಿ ತೊಳೆದು ಇಡಲು, ಮುದ್ದೆಗೆ ಎಸರಿಡಲು, ಸಾರಿಗೆ, ಟೀಗೆ ನಲ್ಲಿಯ ಬೋರ್ ನೀರು. ಕಾಸು ಕೊಟ್ಟು ತಂದ ನೀರನ್ನು ಅಡುಗೆಗೆ ಸುರಿಯಲು ಮನಸ್ಸು ಒಪ್ಪದು. ಅನ್ನ, ಮುದ್ದೆ ನೀರನ್ನು ಹೀರಿಕೊಂಡೇ ಬೇಯುವುದರಿಂದ ಆ ಫ್ಲೋರೈಡ್ ತಟ್ಟೆಗೇ ಬರುತ್ತದೆ. ಹೊಲಕ್ಕೆ ಹೋದಾಗ ಪಂಪ್‌ಸೆಟ್ಟಿನ ನೀರು. ಶಾಲೆಯಲ್ಲಿ ಬಿಸಿಯೂಟ ಬೇಯುವುದು, ಕ್ಷೀರಭಾಗ್ಯದ ಹಾಲಿನ ಪುಡಿ ಕಲಸುವುದು ಶಾಲೆಯ ನೀರಿನಲ್ಲಿ. ಅದು ಬೋರ್ ನೀರಾದರೆ ಮಗುವಿಗೆ ಕ್ಯಾಲ್ಸಿಯಂ ಕೊಡುವ ಲೋಟದಲ್ಲೇ ಫ್ಲೋರೈಡೂ ಇರುತ್ತದೆ. ಘಟಕದಿಂದ ಹೊರಬಿಡುವ ತ್ಯಾಜ್ಯ ನೀರಿನ ಕಡೆಗೂ ನೋಡಬೇಕು. ಒಳಗೆ ಹೋದ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಫ್ಲೋರೈಡನ್ನು ಇಮ್ಮಡಿ ಹೊತ್ತು ಚರಂಡಿಗೆ ಹರಿಯುತ್ತದೆ, ಅಲ್ಲಿಂದ ಅದೇ ನೆಲಕ್ಕೆ ಇಳಿಯುತ್ತದೆ. ಮೆಂಬ್ರೇನ್ ಕೆಟ್ಟು ರಿಪೇರಿಯವರು ಬಾರದೆ ಬೀಗ ಬಿದ್ದ ಘಟಕಗಳ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ.

ಇದಕ್ಕಿಂತ ಭದ್ರವಾದದ್ದು ನೀರಿನ ಮೂಲವನ್ನೇ ಬದಲಿಸುವುದು. ನಲಗೊಂಡಕ್ಕೆ ಮಿಷನ್ ಭಗೀರಥ ಯೋಜನೆಯಲ್ಲಿ ಕೃಷ್ಣಾ ನೀರು ಬಂತು. ತುಂಗಭದ್ರಾ ಹಿನ್ನೀರನ್ನು ಪಾವಗಡ, ಮೊಳಕಾಲ್ಮುರು, ಚಳ್ಳಕೆರೆ, ಕೂಡ್ಲಿಗಿ ಭಾಗದ ಹಳ್ಳಿಗಳಿಗೆ ಕೊಳವೆಯಲ್ಲಿ ಒಯ್ಯುವ ಬಹುಗ್ರಾಮ ಯೋಜನೆ ಇದೇ ಬಗೆಯದು. ಹರಿಯುವ ನದಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ಅದಕ್ಕಿಂತ ಹತ್ತಿರದ ಮೂಲ ಚಾವಣಿಯ ಮೇಲೆ ಬೀಳುವ ಮಳೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ 30 ಚದರ ಮೀಟರ್ ಚಾವಣಿಯ ಮೇಲೆ ಬೀಳುವುದು 15 ಸಾವಿರ ಲೀಟರ್. ಮುಕ್ಕಾಲು ಪಾಲು ಹಿಡಿದರೂ ಹನ್ನೊಂದು ಸಾವಿರ ದಾಟುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಎಂದರೆ ವರ್ಷವಿಡೀ ಸಾಕಾಗುವ ನೀರು. ತೊಟ್ಟಿ ಕಟ್ಟುವ ಖರ್ಚು ಒಮ್ಮೆ. ಮೊದಲ ಮಳೆಯನ್ನು ಹೊರಬಿಟ್ಟು, ಮರಳು ಇದ್ದಿಲಿನ ಸೋಸುಗದಲ್ಲಿ ಹಾಯಿಸಿ, ಬೆಳಕು ಬೀಳದಂತೆ ಮುಚ್ಚಿಡಬೇಕು.

ಊಟ ಫ್ಲೋರೋಸಿಸ್ಸನ್ನು ವಾಸಿ ಮಾಡುವುದಿಲ್ಲ, ಪೆಟ್ಟನ್ನು ತಗ್ಗಿಸುತ್ತದೆ. ರಾಗಿ, ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪಿನ ಕ್ಯಾಲ್ಸಿಯಂ ಕರುಳಿನಲ್ಲೇ ಫ್ಲೋರೈಡನ್ನು ಹಿಡಿದು ಹೊರಹಾಕಲು ನೆರವಾಗುತ್ತದೆ. ನೆಲ್ಲಿಕಾಯಿ, ಸೀಬೆ, ನಿಂಬೆಯ ಸಿ ಜೀವಸತ್ವವೂ ಒಳ್ಳೆಯದು. ಹುಣಸೆಹಣ್ಣು ಕೊಟ್ಟ ಶಾಲಾ ಬಾಲಕರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋದದ್ದನ್ನು ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಬಯಲುಸೀಮೆಯ ಹುಣಸೆಸಾರಿಗೆ ಇದು ಸಂತೋಷದ ಸುದ್ದಿ. ಕಡು ಕಪ್ಪು ಟೀ, ಕಪ್ಪುಪ್ಪು, ತಂಬಾಕು, ಅಡಿಕೆಗಳಲ್ಲಿ ಫ್ಲೋರೈಡ್ ಇರುವುದರಿಂದ ನೀರು ಕೆಟ್ಟ ಊರಿನವರು ಅವುಗಳಿಂದ ದೂರವಿರುವುದು ಲೇಸು.

ನೀರು ಬದಲಾದರೆ ಯಾವುದು ಸರಿಯಾಗುತ್ತದೆ, ಯಾವುದು ಇಲ್ಲ ಎಂಬುದು ಸ್ಪಷ್ಟ. ಹೊಟ್ಟೆಯ ತೊಂದರೆ, ದಣಿವು ಕೆಲವು ವಾರಗಳಲ್ಲೇ ಇಳಿಯತೊಡಗುತ್ತದೆ. ಮೂಳೆಯೊಳಗೆ ಸೇರಿದ ಫ್ಲೋರೈಡ್ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ನೋವು ಕಡಿಮೆಯಾದೀತು, ಬಾಗಿದ ಬೆನ್ನು ನೆಟ್ಟಗಾಗದು. ಒಳಬಾಗಿದ ಕಾಲಿಗೆ, ಅಮುಕಿದ ಮಿದುಳುಬಳ್ಳಿಗೆ ಶಸ್ತ್ರಚಿಕಿತ್ಸೆಯೇ ಗತಿ. ಹಲ್ಲಿನ ಕರೆಯನ್ನು ದಂತವೈದ್ಯರು ಮುಚ್ಚಬಲ್ಲರು, ಅಳಿಸಲಾರರು. ಆದರೆ ನೀರು ಬದಲಾದ ಮೇಲೆ ಹುಟ್ಟಿದ ಮಕ್ಕಳ ಹಲ್ಲಿಗೆ ಕರೆ ಬರುವುದಿಲ್ಲ. ಅಮೆರಿಕದ ಐಡಹೊ ರಾಜ್ಯದ ಓಕ್ಲಿ ಎಂಬ ಪುಟ್ಟ ಊರಿನಲ್ಲಿ ಇದು ನಡೆದುಹೋಗಿದೆ. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿದ ಮೇಲೆ ಅಲ್ಲಿನ ಮಕ್ಕಳ ಹಲ್ಲಿಗೆ ಕಂದು ಕರೆ ಬರತೊಡಗಿತ್ತು. 1923ರಲ್ಲಿ ಅಲ್ಲಿಗೆ ಹೋದ ಮ್ಯಾಕೇ ನೀರನ್ನು ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಫ್ಲೋರೈಡಿನ ಸುಳಿವು ಸಿಗಲು ಇನ್ನೂ ಎಂಟು ವರ್ಷ ಬಾಕಿ ಇತ್ತು. ಆದರೂ ಆ ಪೈಪನ್ನು ಬಿಟ್ಟು ಹತ್ತಿರದ ಇನ್ನೊಂದು ಬುಗ್ಗೆಯ ನೀರು ಬಳಸಿ ಎಂದು ಹೇಳಿದರು, ಊರವರು ಹಾಗೇ ಮಾಡಿದರು. ಕೆಲವು ವರ್ಷಗಳ ಮೇಲೆ ಓಕ್ಲಿಯ ಚಿಕ್ಕ ಮಕ್ಕಳಿಗೆ ಬಂದ ಶಾಶ್ವತ ಹಲ್ಲುಗಳಲ್ಲಿ ಕರೆ ಇರಲಿಲ್ಲ.